ಹಿಟ್ಟು ಮತ್ತು ಬೆಟ್ಟ

ಹಿಟ್ಟು ತಿಂದವನು ಬೆಟ್ಟವನ್ನೇ ಕಿತ್ತಿಡಬಲ್ಲನೆಂದು ಹಳೆಯ ಮೈಸೂರು ಸೀಮೆಯ ಹಿರಿಯರು ಹೇಳುತ್ತಿದ್ದರು. ಹಿಟ್ಟು ಎಂದರೆ ಇಲ್ಲಿ ರಾಗಿಯ ಹಿಟ್ಟು. ಅದರಿಂದ ಮಾಡಿದ ಮುದ್ದೆಗೂ ಹಳ್ಳಿಗಳಲ್ಲಿ ಅದೇ ಹೆಸರು. ಬೆಟ್ಟವನ್ನು ಕೀಳುವ ಮಾತು ಅತಿಶಯೋಕ್ತಿ, ನಿಜ. ಆದರೆ ಹಿಟ್ಟಿಗೂ ಬೆಟ್ಟಕ್ಕೂ ಇರುವ ನಂಟು ಸುಳ್ಳಲ್ಲ. ಒಂದು ನಾಡಿನ ಜನ ಏನನ್ನು ಉಣ್ಣುತ್ತಾರೆ, ಅದನ್ನು ಹೇಗೆ ಬೇಯಿಸುತ್ತಾರೆ, ಹೇಗೆ ಕೂಡಿಡುತ್ತಾರೆ ಎಂಬುದನ್ನು ಆ ನಾಡಿನ ಮಣ್ಣು, ಮಳೆ, ಎತ್ತರಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಕೋಲಾರ ಜಿಲ್ಲೆಯ ಒಂದು ಬೆಟ್ಟವನ್ನೇರಿ, ಅಲ್ಲಿನ ಹಳ್ಳಿಯಲ್ಲಿ ಒಂದು ಹೊತ್ತಿನ ಅಡುಗೆ ಮಾಡಿ ಉಂಡರೆ ಈ ಮಾತು ತಾನಾಗಿ ಮನದಟ್ಟಾಗುತ್ತದೆ.

ಕೋಲಾರ ಜಿಲ್ಲೆ ಎತ್ತರದ ಬಯಲು. ಕೋಲಾರ ಪಟ್ಟಣವೇ ಸಮುದ್ರಮಟ್ಟದಿಂದ 800 ಮೀಟರಿಗೂ ಮಿಕ್ಕಿ ಎತ್ತರದಲ್ಲಿದೆ. ವರ್ಷವೆಲ್ಲ ಹರಿಯುವ ನದಿ ಇಲ್ಲಿಲ್ಲ. ಪಾಲಾರ್ ನದಿ ಈ ಜಿಲ್ಲೆಯ ಮೂಲಕ ಹಾದುಹೋಗುತ್ತದಾದರೂ ಬೇಸಗೆಯಲ್ಲಿ ಅದರ ಪಾತ್ರ ಬರಿಯ ಮರಳು. ಬೀಳುವ ಸ್ವಲ್ಪ ಮಳೆಯನ್ನು ಹಿಡಿದಿಡಲು ನಮ್ಮ ಪೂರ್ವಿಕರು ಊರಿಗೊಂದರಂತೆ ಕೆರೆಗಳನ್ನು ಕಟ್ಟಿದರು. ಕೆರೆಯ ಕೆಳಗಿನ ಗದ್ದೆಯಲ್ಲಿ ಬತ್ತ, ಮಳೆಯನ್ನೇ ನಂಬಿದ ಹೊಲದಲ್ಲಿ ರಾಗಿ. ಹೊಲಗಳ ನಡುನಡುವೆ ದೊಡ್ಡ ದೊಡ್ಡ ಬಂಡೆಗಳನ್ನು ಯಾರೋ ಅಡಕಿಲಿಟ್ಟಂತೆ ಕಾಣುವ ಗುಡ್ಡಬೆಟ್ಟಗಳು.

ಇಂಥ ಬೆಟ್ಟಗಳಲ್ಲಿ ಹೆಸರಾದುದು ಕೋಲಾರದ ಮಗ್ಗುಲಲ್ಲಿರುವ ಅಂತರಗಂಗೆ. ಶತಶೃಂಗ ಪರ್ವತವೆಂದು ಕರೆಯುವ ಸಾಲಿಗೆ ಸೇರಿದ ಈ ಬೆಟ್ಟದ ಎತ್ತರ ಸುಮಾರು 1,226 ಮೀಟರು. ಬೆಟ್ಟದ ಇಳಿಜಾರಿನಲ್ಲಿ ಕಾಶಿ ವಿಶ್ವೇಶ್ವರನ ಗುಡಿಯಿದೆ; ಕಲ್ಲಿನ ಬಸವನ ಬಾಯಿಂದ ಒರತೆಯ ನೀರು ಕಲ್ಯಾಣಿಗೆ ಬೀಳುತ್ತದೆ. ಇನ್ನೂ ಮೇಲೆ ಹೋದರೆ ಬಂಡೆಗಳ ನಡುವೆ ಗುಹೆಗಳು, ಅವುಗಳಾಚೆ ತೇರಹಳ್ಳಿ ಮೊದಲಾದ ಊರುಗಳು. ಬೆಟ್ಟದ ನೆತ್ತಿಯಲ್ಲೇ ಹೊಲಗಳು, ಹೊಲಗಳಲ್ಲಿ ರಾಗಿ! ಬಂಗಾರಪೇಟೆಯಿಂದಾಗಲಿ ಕೋಲಾರ ಚಿನ್ನದ ಗಣಿಗಳ ಪ್ರದೇಶದಿಂದಾಗಲಿ ಬೆಳಿಗ್ಗೆ ಹೊರಟರೆ ಬಿಸಿಲೇರುವ ಮುನ್ನ ಇಲ್ಲಿಗೆ ಬಂದು ಸೇರಬಹುದು. ಕಾರ್ತಿಕ ಮಾಸದಲ್ಲಿ ಮನೆಮಂದಿಯೆಲ್ಲ ಊರ ಹೊರಗೆ ಹೋಗಿ ನೆಲ್ಲಿಯ ಮರದ ನೆರಳಿನಲ್ಲಿ ಕುಳಿತು ಉಣ್ಣುವ ವನಭೋಜನದ ಪದ್ಧತಿ ನಮ್ಮಲ್ಲಿ ಬಹುಕಾಲದಿಂದಲೂ ಉಂಟು. ಆ ವೇಳೆಗೆ ಮಳೆ ನಿಂತು ಆಕಾಶ ತಿಳಿಯಾಗಿರುತ್ತದೆ, ರಾಗಿ ತೆನೆಕಟ್ಟಿರುತ್ತದೆ, ಅವರೆ ಹೂಬಿಟ್ಟಿರುತ್ತದೆ. ಬೆಟ್ಟದ ವಿಹಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಬೆಟ್ಟಕ್ಕೆ ಹೊರುವ ಸಾಮಾನು ಹಗುರವಾಗಿರಬೇಕು. ರಾಗಿಹಿಟ್ಟು, ತೊಗರಿಬೇಳೆ, ಉಪ್ಪು, ಹುಣಿಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಒಂದು ಹೋಳು ತೆಂಗಿನಕಾಯಿ, ಒಗ್ಗರಣೆಗೆ ಸ್ವಲ್ಪ ಎಣ್ಣೆ, ಎರಡು ಪಾತ್ರೆ, ಒಂದು ಮುದ್ದೆ ಕೋಲು: ಇಷ್ಟಿದ್ದರೆ ಸಾಕು. ಸೊಪ್ಪನ್ನು ಹೊತ್ತೊಯ್ಯಬೇಕಾಗಿಲ್ಲ. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪುಗಳನ್ನು ಹಳ್ಳಿಯ ಹೆಂಗಸರು ಕಣ್ಣೋಟದಲ್ಲೇ ಗುರುತಿಸಿ ಮಡಿಲು ತುಂಬ ಕಿತ್ತು ತರುತ್ತಾರೆ. ಹತ್ತು ಬಗೆಯ ಎಲೆ ಸೇರಿದ ಇದಕ್ಕೆ ಬೆರಕೆ ಸೊಪ್ಪೆಂದು ಹೆಸರು. ಗುರುತು ತಿಳಿಯದವರು ಮಾತ್ರ ಕಂಡ ಎಲೆಯನ್ನೆಲ್ಲ ಕೀಳಬಾರದು. ತಿಳಿದವರನ್ನು ಕೇಳಿಯೇ ಕೀಳಬೇಕು.

ಈ ಸೊಪ್ಪಿನಿಂದ ಮಾಡುವ ಬಸ್ಸಾರಿನಲ್ಲಿ ಒಂದು ಜಾಣತನವಿದೆ. ಮೂರು ಕಲ್ಲಿನ ಒಲೆ ಹೂಡಿ, ಬೇಳೆಯನ್ನು ಬೇಯಲಿಟ್ಟು, ಅದು ಮುಕ್ಕಾಲು ಬೆಂದಾಗ ಸೊಪ್ಪನ್ನು ಹಾಕುತ್ತಾರೆ. ಎರಡೂ ಬೆಂದ ಮೇಲೆ ನೀರನ್ನು ಬಸಿದು ಬೇರೆ ಪಾತ್ರೆಗೆ ತೆಗೆಯುತ್ತಾರೆ. ಈ ಬಸಿದ ನೀರೇ ಸಾರಿನ ಮೂಲ. ಕೆಂಡದಲ್ಲಿ ಸುಟ್ಟ ಈರುಳ್ಳಿ ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಕಾಯಿ, ಹುಣಿಸೆಗಳ ಜೊತೆಗೆ ಬೆಂದ ಸೊಪ್ಪುಬೇಳೆಯ ಒಂದು ಹಿಡಿಯನ್ನೂ ಸೇರಿಸಿ ಅರೆದು, ಆ ನೀರಿಗೆ ಕದಡಿ ಕುದಿಸಿದರೆ ಸಾರಾಯಿತು. ಉಳಿದ ಸೊಪ್ಪುಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದೇ ಬೇಯಿಸುವಿಕೆಯಿಂದ ಎರಡು ಪದಾರ್ಥ! ಸೌದೆಯೂ ನೀರೂ ದುಬಾರಿಯಾದ ನಾಡಿನಲ್ಲಿ ಹುಟ್ಟಿದ ಅಡುಗೆ ಇದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೇಯಿಸಿದ ನೀರನ್ನು ಚೆಲ್ಲದಿರುವುದರಿಂದ ಅದರಲ್ಲಿ ಕರಗಿದ ಸತ್ತ್ವವೂ ನಷ್ಟವಾಗುವುದಿಲ್ಲ.

ಇನ್ನು ಮುದ್ದೆ. ಒಂದಳತೆ ಹಿಟ್ಟಿಗೆ ಎರಡಳತೆ ನೀರು ಸಾಮಾನ್ಯ ಲೆಕ್ಕ. ನೀರಿಗೆ ಮೊದಲು ಒಂದು ಚಮಚದಷ್ಟು ಹಿಟ್ಟನ್ನು ಕದಡಿ ಕುದಿಸಬೇಕು. ನೀರು ಚೆನ್ನಾಗಿ ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಮುದ್ದೆ ಕೋಲಿನಿಂದ ಗುಡ್ಡೆಯ ಮಧ್ಯದಲ್ಲಿ ತೂತು ಮಾಡಬೇಕು. ಆ ತೂತಿನ ಮೂಲಕ ಮರಳುವ ನೀರು ಮೇಲೆದ್ದು ಬಂದು ಹಿಟ್ಟನ್ನು ಬೇಯಿಸುತ್ತದೆ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಅಲುಗದಂತೆ ಹಿಡಿದು, ಕೋಲಿನಿಂದ ಬಲವಾಗಿ ತೊಳಸಬೇಕು. ಇಲ್ಲಿ ತೋಳ್ಬಲ ಬೇಕು. ಗಂಟು ಉಳಿದರೆ ಅಡುಗೆ ಮಾಡಿದವರ ಮಾನ ಹೋದಂತೆಯೇ. ತೊಳಸಿದ ಹಿಟ್ಟನ್ನು ನೀರು ಸವರಿದ ಮಣೆಯ ಮೇಲೆ ಹಾಕಿ ಒದ್ದೆಗೈಯಿಂದ ಉರುಳಿಸಿದರೆ ನುಣ್ಣನೆಯ ಮುದ್ದೆ ಸಿದ್ಧ. ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ.

ಬೆಟ್ಟದ ಮೇಲೆ ಅಡುಗೆ ಮಾಡುವವರಿಗೆ ಒಂದು ಸಂಗತಿ ಅನುಭವಕ್ಕೆ ಬರುತ್ತದೆ: ಬೇಳೆ ಮನೆಯಲ್ಲಿ ಬೇಯುವುದಕ್ಕಿಂತ ನಿಧಾನವಾಗಿ ಬೇಯುತ್ತದೆ. ಇದಕ್ಕೆ ಕಾರಣ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಅಂತರಗಂಗೆಯ ನೆತ್ತಿಯಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಯಲ್ಲಿ. ಒಮ್ಮೆ ಕುದಿಯತೊಡಗಿದ ನೀರು, ಎಷ್ಟು ಸೌದೆ ಉರಿಸಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ಆದ್ದರಿಂದ ಬೇಳೆಯನ್ನು ಮೊದಲೇ ನೆನೆಸಿಟ್ಟುಕೊಂಡು ಹೋಗುವುದು ಜಾಣತನ. ರಾಗಿಹಿಟ್ಟಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಹಿಟ್ಟಿನಲ್ಲಿರುವ ಪಿಷ್ಟ 70 ಡಿಗ್ರಿಯ ಆಸುಪಾಸಿನಲ್ಲೇ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಎತ್ತರದ ನಾಡುಗಳಲ್ಲಿ ಕಾಳಿಗಿಂತ ಹಿಟ್ಟಿನ ಅಡುಗೆ ಸುಲಭವಾಗುವುದಕ್ಕೆ ಇದೂ ಒಂದು ಕಾರಣ. ಇದೇ ಜಿಲ್ಲೆಯಲ್ಲಿ ಇದರ ವಿರುದ್ಧ ಉದಾಹರಣೆಯೂ ಇತ್ತು. ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಷ್ಟು ಆಳದಲ್ಲಿ ಗಾಳಿಯ ಒತ್ತಡ ಹೆಚ್ಚಾದುದರಿಂದ ನೀರಿನ ಕುದಿಯುವ ಬಿಂದು 100 ಡಿಗ್ರಿಯನ್ನೂ ದಾಟುತ್ತದೆ!

ಈಗ ನಮ್ಮ ಬೆಟ್ಟದಿಂದ ದೂರದ ಇನ್ನೊಂದು ಬೆಟ್ಟಸೀಮೆಯತ್ತ ನೋಡೋಣ. ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಸವೋಯ್ ಎಂಬ ಪ್ರಾಂತವಿದೆ. 1860ರಲ್ಲಿ ಫ್ರಾನ್ಸಿಗೆ ಸೇರಿದ ಈ ಸೀಮೆಯಲ್ಲಿಯೇ 4,800 ಮೀಟರಿಗೂ ಮಿಕ್ಕಿ ಎತ್ತರವಾದ ಮೋಂ ಬ್ಲಾಂ ಶಿಖರವಿರುವುದು. ರಜೆಯಲ್ಲಿ ಬೆಟ್ಟಕ್ಕೆ ಹೋಗುವ ಜನ ಅಲ್ಲಿನ ಮರದ ಮನೆಗಳಲ್ಲಿ ತಂಗಿ, ಆ ಸೀಮೆಯ ಅಡುಗೆಯನ್ನು ತಾವೇ ಮಾಡಿ ಉಣ್ಣುತ್ತಾರೆ. ಅದರ ಜೀವಾಳ ಚೀಸ್. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ ಮುಚ್ಚುವ ಆ ನಾಡಿನಲ್ಲಿ ಹುಲ್ಲು ಸಿಗುವುದು ಬೇಸಗೆಯಲ್ಲಿ ಮಾತ್ರ. ಆಗ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಕರೆದ ಹಾಲನ್ನು ಒಡೆಸಿ, ಹಿಂಡಿ, ದೊಡ್ಡ ಚಕ್ರಗಳಾಗಿ ಮಾಡಿ ನೆಲಮಾಳಿಗೆಯಲ್ಲಿ ಮಾಗಲಿಡುತ್ತಾರೆ. ಬೋಫೋರ್ ಎಂಬ ಚೀಸಿನ ಒಂದು ಕಿಲೋಗ್ರಾಮಿಗೆ ಸುಮಾರು 10 ಲೀಟರ್ ಹಾಲು ಬೇಕು. ಬೇಸಗೆಯ ಹುಲ್ಲು ಹೀಗೆ ಚಳಿಗಾಲದ ಅನ್ನವಾಗುತ್ತದೆ. ಬೆಂಕಿಗೆ ಹಿಡಿದು ಕರಗಿಸಿದ ಚೀಸನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಹೆರೆದು ತಿನ್ನುವ ರಾಕ್ಲೆಟ್, ಒಂದೇ ಪಾತ್ರೆಯಲ್ಲಿ ಕರಗಿಸಿದ ಚೀಸಿಗೆ ಎಲ್ಲರೂ ರೊಟ್ಟಿಯ ತುಂಡುಗಳನ್ನು ಅದ್ದಿ ತಿನ್ನುವ ಫಾಂಡ್ಯು ಮೊದಲಾದುವು ಅಲ್ಲಿನ ಮೆಚ್ಚಿನ ಊಟ.

ಆ ಸೀಮೆಯ ರೆಬ್ಲೊಶಾನ್ ಎಂಬ ಚೀಸಿನ ಹೆಸರಿನ ಹಿಂದೆ ಒಂದು ಕಥೆಯಿದೆ. ಹಿಂದಿನ ಕಾಲದಲ್ಲಿ ಹುಲ್ಲುಗಾವಲಿನ ಒಡೆಯರು, ಹಸುಗಳು ಕೊಡುವ ಹಾಲನ್ನು ಅಳೆದು ಅದಕ್ಕೆ ತಕ್ಕಂತೆ ಗೇಣಿ ವಸೂಲು ಮಾಡುತ್ತಿದ್ದರು. ಅಳೆಯುವ ದಿನ ರೈತರು ಹಾಲನ್ನು ಪೂರ್ತಿಯಾಗಿ ಕರೆಯದೆ ಕೆಚ್ಚಲಲ್ಲಿ ಸ್ವಲ್ಪ ಉಳಿಸುತ್ತಿದ್ದರು. ಒಡೆಯನ ಕಡೆಯವರು ಹೊರಟುಹೋದ ಮೇಲೆ ಮತ್ತೊಮ್ಮೆ ಕರೆಯುತ್ತಿದ್ದರು. ಕೊನೆಗೆ ಬರುವ ಆ ಹಾಲು ಗಟ್ಟಿ, ಕೊಬ್ಬಿನಂಶ ಹೆಚ್ಚು. ಅದರಿಂದ ಮಾಡಿದ ಚೀಸಿಗೆ ‘ಮರಳಿ ಕರೆದುದು’ ಎಂಬ ಅರ್ಥದ ಹೆಸರೇ ನಿಂತಿತು. ಬಡವರ ಉಪಾಯದಿಂದ ಹುಟ್ಟಿದ ಆ ತಿನಿಸಿನ ಹೆಸರಿಗೆ 1958ರಲ್ಲಿ ಫ್ರಾನ್ಸಿನ ಕಾನೂನು ರಕ್ಷಣೆ ನೀಡಿತು. ಗೊತ್ತುಪಡಿಸಿದ ಸೀಮೆಯಲ್ಲಿ, ಗೊತ್ತುಪಡಿಸಿದ ಕ್ರಮದಲ್ಲಿ ಮಾಡಿದುದಲ್ಲದೆ ಬೇರೆಯದನ್ನು ಆ ಹೆಸರಿನಿಂದ ಮಾರುವಂತಿಲ್ಲ. 2010ರಲ್ಲಿ ಯುನೆಸ್ಕೊ ಸಂಸ್ಥೆ ಫ್ರೆಂಚರ ಔತಣದ ಊಟದ ಪದ್ಧತಿಯನ್ನೇ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸವೋಯಿನ ರೈತ ಹಾಲನ್ನು ಕೂಡಿಟ್ಟಂತೆ ಕೋಲಾರದ ರೈತ ರಾಗಿಯನ್ನು ಕೂಡಿಟ್ಟ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಉಗ್ರಾಣಕ್ಕೆ ಹಗೇವು ಎಂದು ಹೆಸರು. ರಾಗಿಯ ಕಾಳು ಬಹಳ ಸಣ್ಣದು. ಅದಕ್ಕೆ ಹುಳು ಹಿಡಿಯುವುದು ಕಷ್ಟ. ಹಗೇವಿನಲ್ಲಿ ಅದು ಹಲವು ವರ್ಷ ಕೆಡದೆ ಉಳಿಯುತ್ತದೆ. ಅಲ್ಲಿ ಮುಚ್ಚಿಟ್ಟ ಧಾನ್ಯ ಮಳೆ ಬಾರದ ವರ್ಷದ ಜೀವದಾನ. 1876ರಿಂದ 1878ರ ವರೆಗಿನ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಒಂದರ ಮೇಲೊಂದು ವರ್ಷ ಕೈಕೊಟ್ಟರೆ ಏನಾಗುವುದೆಂಬುದಕ್ಕೆ ಈ ಅಂಕಿಗಳಿಗಿಂತ ಬೇರೆ ಸಾಕ್ಷಿ ಬೇಡ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಬತ್ತಕ್ಕೂ ರಾಗಿಗೂ ವಾದ ಹತ್ತಿ, ಆರು ತಿಂಗಳ ಸೆರೆವಾಸದಲ್ಲಿ ಕಂದದೆ ಉಳಿದ ರಾಗಿ ಗೆಲ್ಲುತ್ತದೆ. ಮೇಲು ಕೀಳೆಂಬ ಭೇದಕ್ಕೆ ಉತ್ತರವಾದ ಆ ಕಾವ್ಯದ ಕಥೆ ಹಗೇವಿನ ಅನುಭವವನ್ನು ಬಲ್ಲ ನಾಡಿನದು.

ಹಾಗೆಂದು ರಾಗಿ ಮೊದಲಿನಿಂದಲೂ ನಮ್ಮದೇ ಬೆಳೆಯೆಂದು ತಿಳಿಯಬಾರದು. ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಪ್ರಸಿದ್ಧರಾದ ವಿಜ್ಞಾನಿ ಮಂಡ್ಯದಲ್ಲಿ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಹೆಚ್ಚು ಇಳುವರಿಯ ಆ ತಳಿಗಳು ರೈತರ ಕಣಗಳನ್ನು ತುಂಬಿದುವು. ನಮ್ಮ ಸಾರಿನ ಮೆಣಸಿನಕಾಯಿ, ಕೋಲಾರದ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ಟೊಮ್ಯಾಟೊ, ಸವೋಯಿನ ಆಲೂಗಡ್ಡೆ ಈ ಮೂರೂ ಅಮೆರಿಕ ಖಂಡದಿಂದ ಬಂದವು. ಒಂದು ಸೀಮೆಯ ಊಟವೆಂದರೆ ಆ ಸೀಮೆಯಲ್ಲೇ ಹುಟ್ಟಿದ ಪದಾರ್ಥವೆಂದಲ್ಲ. ಬಂದುದನ್ನು ಅಲ್ಲಿನ ಜನ ತಮ್ಮ ಮಣ್ಣಿಗೂ ಒಲೆಗೂ ಹೊಂದಿಸಿಕೊಂಡ ರೀತಿ.

ಈ ಮಾತಿಗೆ ಚಿನ್ನದ ಗಣಿಗಳ ಊರೇ ನಿದರ್ಶನ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ತಮಿಳು, ತೆಲುಗು ಕೂಲಿಕಾರರೂ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರೂ ಬಂದರು; ಆಂಗ್ಲೋ ಇಂಡಿಯನ್ ಮನೆತನಗಳು ನೆಲೆಸಿದುವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂದಿತು. ಒಂದೊಂದು ಸಾಲುಮನೆಯ ಒಲೆಯಲ್ಲಿ ಒಂದೊಂದು ನಾಡಿನ ಅಡುಗೆ: ಒಂದೆಡೆ ಕಳಿ ಎಂದು ತಮಿಳರು ಕರೆಯುವ ಹಿಟ್ಟು, ಇನ್ನೊಂದೆಡೆ ತೆಲುಗರ ಸಂಗಟಿ, ಮತ್ತೊಂದೆಡೆ ಆಂಗ್ಲೋ ಇಂಡಿಯನ್ನರ ಮೆಣಸಿನ ನೀರು, ಉಂಡೆ ಸಾರು, ಕಾಯಿಹಾಲಿನ ಅನ್ನ, ಕ್ರಿಸ್‌ಮಸ್ಸಿನ ಕಲ್‌ಕಲ್. ಕಾರ್ನ್‌ವಾಲಿನ ಗಣಿಗಾರ ತನ್ನ ನಾಡಿನಲ್ಲಿ ಮಾಂಸ ಮತ್ತು ಆಲೂಗಡ್ಡೆಯನ್ನು ಹಿಟ್ಟಿನಲ್ಲಿ ಮಡಿಸಿ ಸುಟ್ಟ ಪಾಸ್ಟಿಯನ್ನು ಬುತ್ತಿಯಾಗಿ ಒಯ್ಯುತ್ತಿದ್ದ. ಗಣಿಗೆ ಇಳಿಯುವವನಾಗಲಿ ಬೆಟ್ಟಕ್ಕೆ ಏರುವವನಾಗಲಿ ಬುತ್ತಿಯಿಲ್ಲದೆ ಹೋಗಲಾರ.

ಗಣಿಗಳ ರೈಲು ಕವಲೊಡೆಯುವ ಬಂಗಾರಪೇಟೆಗೆ ಮೊದಲು ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿತ್ತು. ಅದು ಬೌರಿಂಗ್‌ಪೇಟೆ ಎನಿಸಿದ್ದಿತು. ಈಗ ಈ ಊರು ತನ್ನದೇ ಆದ ಒಂದು ತಿನಿಸಿಗೆ ಹೆಸರಾಗಿದೆ. ಉತ್ತರ ಭಾರತದಿಂದ ಬಂದ ಪಾನಿಪೂರಿಗೆ ಎಲ್ಲೆಡೆ ಹಸಿರು ನೀರು. ಇಲ್ಲಿ ಮಾತ್ರ ಬರಿಯ ನೀರಿನಂತೆ ತಿಳಿಯಾದ, ಬಾಯಿಗಿಟ್ಟರೆ ಖಾರವೇರುವ ನೀರು. ಸವೋಯಿನಲ್ಲಿಯೂ ಹೀಗೆಯೇ. ಆಲೂಗಡ್ಡೆಯ ಮೇಲೆ ರೆಬ್ಲೊಶಾನ್ ಇಟ್ಟು ಸುಡುವ ತಾರ್ತಿಫ್ಲೆಟ್ ಹೆಸರಾದುದು 1980ರ ದಶಕದಲ್ಲಿ, ಚೀಸಿನ ಮಾರಾಟ ಹೆಚ್ಚಿಸುವ ಸಲುವಾಗಿ. ನಾಡಿನ ಊಟ ಹಳೆಯದಾಗಿಯೇ ಇರಬೇಕೆಂಬ ನಿಯಮವಿಲ್ಲ.

ಸುಮಾರು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಅಲ್ಲಿ ಉಳಿದಿರುವುದೇನು? ಚಿನ್ನಕ್ಕಾಗಿ ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ತೊಳೆದು, ಹೊರಗೆ ಸುರಿದ ದಿಬ್ಬಗಳು. ಅವೂ ಒಂದು ಬಗೆಯ ಹಿಟ್ಟಿನ ಬೆಟ್ಟಗಳೇ. ಆದರೆ ಆ ಹಿಟ್ಟನ್ನು ಉಣ್ಣಲಾಗದು. ಗಾಳಿ ಬೀಸಿದಾಗ ಅದು ಧೂಳಾಗಿ ಊರಿನ ಮೇಲೆ ಬೀಳುತ್ತದೆ. ನೆಲದೊಳಗಿನ ಚಿನ್ನವನ್ನು ಒಮ್ಮೆ ತೆಗೆದರೆ ಮುಗಿಯಿತು. ನೆಲದ ಮೇಲಿನ ರಾಗಿ ವರ್ಷವರ್ಷವೂ ಬೆಳೆಯುತ್ತದೆ.

ಆದರೆ ಅದು ಬೆಳೆಯುವಂತೆ ನಾವು ನೋಡಿಕೊಳ್ಳಬೇಕು. ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವ ಪದ್ಧತಿಯಿತ್ತು. ಅವರೆ ತೊಗರಿಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತಿದ್ದುವು. ಮುದ್ದೆಗೆ ಬೇಕಾದ ಸಾರಿನ ಕಾಳೂ ಅದೇ ಹೊಲದಲ್ಲಿ ಸಿಗುತ್ತಿತ್ತು. ಕಾಲಕ್ರಮದಲ್ಲಿ ಅನೇಕ ಹೊಲಗಳು ನೀಲಗಿರಿಯ ತೋಪುಗಳಾದುವು. ನೀರಿಗಾಗಿ ಕೊಳವೆ ಬಾವಿಗಳನ್ನು 1,000 ಅಡಿಗೂ ಹೆಚ್ಚು ಆಳಕ್ಕೆ ಕೊರೆಯುವ ಸ್ಥಿತಿ ಬಂದಿತು. ಪಡಿತರದ ಅಕ್ಕಿ ಮನೆಗೆ ಬಂದ ಮೇಲೆ ಹಗೇವುಗಳು ಮುಚ್ಚಿಹೋದುವು. ಆ ಮಾತಿನ ಅರ್ಥವೇ ಅನೇಕ ಮಕ್ಕಳಿಗೆ ತಿಳಿಯದು. ಇತ್ತ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಮುದ್ದೆ ಬಡವರ ಊಟವೆಂದು ಮೂಗು ಮುರಿದವರೂ ಈಗ ಅದನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ.

ಬೆಟ್ಟದ ವಿಹಾರಕ್ಕೆ ಹೋಗುವವರು ಕೆಲವು ಕಟ್ಟುಪಾಡುಗಳನ್ನು ಮರೆಯಬಾರದು. ಒಣಹುಲ್ಲಿನ ಬೆಟ್ಟದಲ್ಲಿ ಒಂದು ಕಿಡಿ ಸಾಕು, ಇಡೀ ಬೆಟ್ಟ ಉರಿದುಹೋಗುತ್ತದೆ. ಆದುದರಿಂದ ಕಾಡಿನ ಎಲ್ಲೆಯೊಳಗೆ ಬೆಂಕಿ ಹಾಕದೆ, ಹಳ್ಳಿಯವರ ಅಪ್ಪಣೆ ಪಡೆದು ಅವರ ಅಂಗಳದಲ್ಲಿಯೋ ಬಯಲು ಕಣದಲ್ಲಿಯೋ ಒಲೆ ಹೂಡಬೇಕು. ಉಂಡೆದ್ದ ಮೇಲೆ ಕೆಂಡಕ್ಕೆ ನೀರು ಸುರಿದು ಆರಿತೇ ಎಂದು ಮುಟ್ಟಿ ನೋಡಬೇಕು. ಒರತೆಯ ನೀರಿನಲ್ಲಿ ಪಾತ್ರೆ ತೊಳೆಯಬಾರದು. ಮುತ್ತುಗದೆಲೆಯಲ್ಲಿ ಉಂಡರೆ ಎಲೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ತಟ್ಟೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಬಿದ್ದಿರುತ್ತದೆ.

ಫ್ರೆಂಚ್ ರೈತ ತನ್ನ ಚೀಸಿನ ಹೆಸರನ್ನು ಕಾನೂನಿನಿಂದ ಕಾಪಾಡಿಕೊಂಡ. ನಮ್ಮ ಮುದ್ದೆಗೂ ಬಸ್ಸಾರಿಗೂ ಅಂಥ ಕಾನೂನಿಗಿಂತ ಮೊದಲು ಬೇಕಾದುದು ಬಲ್ಲವರಿಂದ ಕಲಿಯುವ ಮನಸ್ಸು. ಯಾವ ಸೊಪ್ಪು ತಿನ್ನತಕ್ಕದ್ದು, ಹಿಟ್ಟು ಬೆಂದಿತೆಂದು ಹೇಗೆ ತಿಳಿಯಬೇಕು, ಹಗೇವನ್ನು ಹೇಗೆ ತುಂಬುತ್ತಿದ್ದರು ಎಂಬುದನ್ನು ಅಜ್ಜಿಯನ್ನೋ ನೆರೆಯ ಹಿರಿಯರನ್ನೋ ಇಂದೇ ಕೇಳಿ ತಿಳಿಯಬಹುದು. ಕೇಳುವವರಿಲ್ಲದೆ ಹೋದರೆ ಆ ತಿಳಿವಳಿಕೆ ಬಲ್ಲವರೊಂದಿಗೇ ಮಣ್ಣಾಗುತ್ತದೆ. ಕೇಳಿ ಕಲಿತರೆ, ಕೂಡಿಟ್ಟ ರಾಗಿಯಂತೆ ಅದು ಕೆಡದೆ ಉಳಿದು ಮುಂದಿನವರ ಹಸಿವನ್ನು ನೀಗುತ್ತದೆ.